ಅಳತಿ ದಾರ

ದೊಡ್ಡಬಸಮ್ಮ ಅಂದ ಕೂಡಲೇ ಎಪ್ಪತ್ತು ದಾಟಿದ ಯಾವುದೋ ಅಜ್ಜಿ ಅಂದುಕೊಳ್ಳಬೇಡಿ. ಇಪ್ಪತ್ತೆರಡರ ಹುಡುಗಿ. ಕುರುಗೋಡಿನಲ್ಲಿ ಹುಟ್ಟಿದ ಮೇಲೆ ಊರ ದೇವರ ಹೆಸರು ಬಿಟ್ಟಾರೆಯೇ, ಇಟ್ಟರು. ಬಳ್ಳಾರಿಗೆ ಬಂದು ಜೀನ್ಸ್ ಹೊಲಿಯುವ ಯೂನಿಟ್ಟಿಗೆ ಸೇರಿದಾಗ ಅಲ್ಲಿನ ಹುಡುಗಿಯರೆಲ್ಲ ಆ ಹೆಸರು ಕೇಳಿ ಬಾಯಿಗೆ ವೇಲು ಅಡ್ಡ ಹಿಡಿದು ನಕ್ಕರು. ನಗದೇ ಇದ್ದವಳು ಒಬ್ಬಳೇ. ಸತ್ಯನಾರಾಯಣಪೇಟೆಯ ಬಾಡಿಗೆ ರೂಮಿನಲ್ಲಿ ಅವಳ ಜೊತೆಗಿದ್ದ ಅನುಷಾ, ಸಿರುಗುಪ್ಪದವಳು, ಕಾಲೇಜಿನಲ್ಲಿ ಕೊನೇ ವರ್ಷ ಓದುತ್ತಿದ್ದಳು. "ದೊಡ್ಡದೂ ಬ್ಯಾಡ, ಅಮ್ಮನೂ ಬ್ಯಾಡ, ನೀನು ನನಗ ಬಸಿ" ಅಂದುಬಿಟ್ಟಳು. ಕೈ ಕೊಡುವವರು ಮೊದಲು ಇಂಥ ಒಂದು ಒಳ್ಳೆಯ ಕೆಲಸ ಮಾಡಿಟ್ಟಿರುತ್ತಾರೆ ನೋಡಿ, ನನಗೆ ಸಿಟ್ಟು ಬರುವುದೇ ಅದಕ್ಕೆ. ಮೊದಲೇ ಕೆಟ್ಟವಳಾಗಿದ್ದರೆ ಯಾರು ನಂಬುತ್ತಿದ್ದರು?

ಕಾಸ್‌ಪ್ಲೇ ಅನ್ನೋ ಮಾತನ್ನು ಬಸಿ ಮೊದಲು ಕೇಳಿದ್ದು ಅನುಷಾಳ ಬಾಯಲ್ಲೇ. ಮೊಬೈಲ್ ಆಟದಲ್ಲೋ ಕಾರ್ಟೂನಿನಲ್ಲೋ ಬರುವ ಪಾತ್ರದ ಹಾಗೆ ವೇಷ ಹಾಕಿಕೊಂಡು ವೇದಿಕೆಗೆ ಬರುವುದಂತೆ. ಕಂಟೋನ್ಮೆಂಟಿನ ಒಂದು ಫಂಕ್ಷನ್ ಹಾಲಿನಲ್ಲಿ ಸ್ಪರ್ಧೆ ಇದೆ, ಜೋಡಿಯಾಗಿ ಹೋಗಬಹುದು ಅಂದಳು. ಅವಳು ಆಡುತ್ತಿದ್ದ ಆಟದಲ್ಲಿ ಕೋಟೆ ಬಾಗಿಲು ಕಾಯುವ ಇಬ್ಬರಿದ್ದರು. ಒಬ್ಬರದು ಕೆಂಪು ಕವಚ, ಇನ್ನೊಬ್ಬರದು ನೀಲಿ. ಮುಖ ಅರ್ಧ ಮುಚ್ಚುವ ಶಿರಸ್ತ್ರಾಣ, ಎದೆಗೆ, ತೋಳಿಗೆ, ಮೊಣಕಾಲಿಗೆ ಹಲಗೆ ಹಲಗೆ ಕಬ್ಬಿಣ.

"ಕೆಂಪು ನಂದು, ನೀಲಿ ನಿಂದು" ಅಂದಳು ಅನುಷಾ.

"ನಾನಾ? ವೇದಿಕಿ ಮ್ಯಾಲ?"

"ಮತ್ತ ಇನ್ಯಾರು ಲೇ? ನಿನ್ನ ಬೆನ್ನಿನ ಗಂಟು ನಾ ಕಟ್ತೀನಿ, ನನ್ನ ಬೆನ್ನಿಂದು ನೀ ಕಟ್ಟು."

ಬಸಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಯಾಕೆ ಅಂದರೆ ಅವಳ ಅಪ್ಪ ಎರ್ರೆಪ್ಪ ಬಯಲಾಟದವರಿಗೆ ವೇಷ ಕಟ್ಟುವವನು. ನಲವತ್ತು ವರ್ಷ ಕುರುಗೋಡಿನ ಸುತ್ತಲಿನ ಊರುಗಳಲ್ಲಿ ರಾಜರಿಗೆ, ರಾಕ್ಷಸರಿಗೆ ಕಿರೀಟ, ಭುಜಕೀರ್ತಿ, ಎದೆಹಲಗೆ ಕಟ್ಟಿದವನು. ಬಸಿ ಸಣ್ಣವಳಿದ್ದಾಗ ಪಿನ್ನು, ದಬ್ಬಣದ ಡಬ್ಬಿ ಹಿಡಿದು ಅವನ ಪಕ್ಕ ಕೂತಿರುತ್ತಿದ್ದಳು. ಒಂಬತ್ತು ವರ್ಷದವಳಿದ್ದಾಗ ಒಮ್ಮೆ ಅಪ್ಪ ಚಹಾ ಕುಡಿಯಲು ಹೋದ ಹೊತ್ತು ನೋಡಿ ಯಾವನೋ ರಾಜನ ಎದೆಹಲಗೆ ಕೊರಳಿಗೆ ಹಾಕಿಕೊಂಡಳು. ಅದು ಮೊಣಕಾಲಿನ ತನಕ ಬಂತು. ಎರ್ರೆಪ್ಪ ಬಂದು ನೋಡಿದ, ಬೈಯಲಿಲ್ಲ. ಮೆಲ್ಲಗೆ ಬಿಚ್ಚಿ, "ಇದು ನಿನ್ನ ಅಳತಿದಲ್ಲವ್ವ. ವೇಷ ಯಾರ ಅಳತಿಗೆ ಕಟ್ಟೈತೋ ಅವರದಾ. ನಿನ್ನ ಅಳತಿದು ಒಂದು ದಿನ ಕಟ್ಟೋಣಂತ" ಅಂದ. ಆ ಒಂದು ದಿನ ಬರಲೇ ಇಲ್ಲ. ಅವನ ಮೇಳದಲ್ಲಿ ಹೆಣ್ಣುಮಕ್ಕಳು ಕವಚ ತೊಡುತ್ತಿರಲಿಲ್ಲ. ಆಮೇಲೆ ಮೇಳವೇ ನಿಂತಿತು. ತನ್ನ ಮೈಗೆ ಅಂತಲೇ ಮಾಡಿದ ಒಂದು ಕವಚ ತೊಟ್ಟು ಅಪ್ಪನ ಕಣ್ಣಿಗೆ ಬೀಳಬೇಕು ಅನ್ನುವುದು ಹದಿಮೂರು ವರ್ಷದಿಂದ ಆ ಹುಡುಗಿಯ ಹೊಟ್ಟೆಯಲ್ಲೇ ಉಳಿದಿತ್ತು. ಮರುದಿನವೇ ಅಪ್ಪನಿಗೆ ಫೋನ್ ಮಾಡಿ, "ಯಪ್ಪಾ, ಆ ದಿನ ನೀ ಬರಬೇಕು, ಸಬೂಬು ಹೇಳೋಹಂಗಿಲ್ಲ" ಅಂದಳು.

ದುಡ್ಡು ಸುರಿದು ಮಾಡುವ ಮಂದಿ ಅಲ್ಲ ಇವರು. ಆನ್‌ಲೈನಿನಲ್ಲಿ ಕವಚ ಮಾಡುವ ಫೋಮ್ ಹಾಳೆಯ ರೇಟು ನೋಡಿ ಬಸಿ, "ಸುಡ್ಲಿ ಬಿಡು, ಇದು ಚಪ್ಪಲಿ ಅಟ್ಟಿ ಅಲ್ಲೇನು" ಅಂದಳು. ನಿಜಕ್ಕೂ ಅದೇ. ಚಪ್ಪಲಿ ಮಾಡುವವರ ಹತ್ತಿರ ಅಟ್ಟೆ ಕತ್ತರಿಸಿ ಉಳಿದ ರಬ್ಬರ್ ಹಾಳೆ, ಅವರದೇ ಹಳದಿ ಅಂಟು ತಂದಳು. ಇಸ್ತ್ರಿಪೆಟ್ಟಿಗೆಯಲ್ಲಿ ಹಾಳೆ ಕಾಯಿಸಿ, ಮೆತ್ತಗಾದ ಕೂಡಲೇ ನೀರಿನ ಕೊಡದ ಹೊಟ್ಟೆಗೆ ಒತ್ತಿ ಹಿಡಿದರೆ ಎದೆಯ ಉಬ್ಬು ಬರುತ್ತಿತ್ತು. ಮೊಣಕಾಲಿಗೆ ಕುಕ್ಕರಿನ ಮುಚ್ಚಳ, ಮೊಣಕೈಗೆ ಸ್ಟೀಲ್ ಲೋಟ. ಯೂನಿಟ್ಟಿನಲ್ಲಿ ಕಸ ಗುಡಿಸುವಾಗ ಸಿಗುವ ಸೊಟ್ಟ ಗುಂಡಿ, ಸೊಟ್ಟ ರಿವಿಟ್ಟುಗಳನ್ನು ಮೇಸ್ತ್ರಿಯನ್ನು ಕೇಳಿ ತಂದು ಕವಚದ ಅಂಚಿಗೆ ಸಾಲಾಗಿ ಬಡಿದಳು. ಒಳಗೆ ಮೆತ್ತೆಗೆ ಜೀನ್ಸಿನ ತುಂಡು. ಮೇಲೆ ಕರಿ ಬಣ್ಣ, ಅದು ಒಣಗಿದ ಮೇಲೆ ಪೆನ್ಸಿಲ್ ಸೀಸ ಪುಡಿ ಮಾಡಿ ಬೆರಳಲ್ಲಿ ತಿಕ್ಕಿದರೆ, ಆಹಾ, ಅಪ್ಪಟ ಕಬ್ಬಿಣ! ಆಮೇಲೆ ಅಂಚಿಗಷ್ಟೇ ಕೆಂಪು, ನೀಲಿ. ಬೂಟಿನ ಅಡಿಗೆ ಸಿರುಗುಪ್ಪದ ಅಕ್ಕಿ ಮಿಲ್ಲಿನ ಹಳೇ ಬೆಲ್ಟು ತಂದುಕೊಟ್ಟವಳು ಅನುಷಾ. ಅವಳ ಅಪ್ಪ ಅಲ್ಲಿ ಕೆಲಸಕ್ಕಿದ್ದ. ಅವಳ ಪಾಲನ್ನು ತೆಗೆದು ಹಾಕಬಾರದು, ಅವಳೂ ಕೈ ಕಪ್ಪು ಮಾಡಿಕೊಂಡು ಕೆಲಸ ಮಾಡಿದಳು. ಹಾಳೆ ಹಿಡಿದುಕೊಂಡಳು, ಅಂಟು ಬಳಿದಳು, ಬೆರಳು ಸುಟ್ಟುಕೊಂಡಳು.

ಅಳತೆ ಮಾತ್ರ ಎರ್ರೆಪ್ಪನ ಪದ್ಧತಿ. ಟೇಪು ಗೀಪು ಇಲ್ಲ, ಒಂದು ದಾರ. ಒಂದೇ ತುದಿಯಿಂದ ಹಿಡಿದು ಹೆಗಲಿನ ಅಗಲಕ್ಕೊಂದು ಗಂಟು, ತೋಳಿನ ಉದ್ದಕ್ಕೊಂದು, ಸೊಂಟಕ್ಕೊಂದು, ಎದೆಗೊಂದು. ತನ್ನ ಅಳತೆ ತಾನು ತೆಗೆಯಬಾರದು, ಇನ್ನೊಬ್ಬರು ತೆಗೆಯಬೇಕು. ವೇಷ ಕಟ್ಟುವ ದಿನದ ತನಕ ಮೈಮೇಲೆ ಹಾಕಿ ನೋಡಬಾರದು, ಹಾಕಿದರೆ ಕಳೆ ಹೋಗುತ್ತದೆ, ದೇವರು ಒಪ್ಪುವುದಿಲ್ಲ. ಕೊನೆಗೆ ಆ ದಾರವನ್ನು ಎದೆಹಲಗೆಯ ಒಳಮಗ್ಗುಲಿಗೆ ಹೊಲಿದುಬಿಡಬೇಕು. ಇಷ್ಟೂ ಬಸಿ ಹೇಳಿದಾಗ ಅನುಷಾ ಕಣ್ಣರಳಿಸಿ ಕೇಳಿದಳು. ಬಸಿಯ ಅಳತೆಯನ್ನು ಅವಳೇ ತೆಗೆದಳು, ಜೀನ್ಸ್ ಹೊಲಿಯುವ ಕಿತ್ತಳೆ ಬಣ್ಣದ ದಾರದಲ್ಲಿ. ತೆಗೆಯುವಾಗ ಬಗಲಲ್ಲಿ ಕಚಗುಳಿ ಇಟ್ಟು ಇಬ್ಬರೂ ಬಿದ್ದು ಬಿದ್ದು ನಕ್ಕರು.

ಕೆಂಪು ಕವಚ ಮುಗಿದ ವಾರ ಅನುಷಾ ಊರಿಗೆ ಹೋದಳು. ನೀಲಿಯ ತೋಳಿನ ಹಾಳೆಗಳನ್ನು ಅಲ್ಲೇ ಕತ್ತರಿಸಿ ತರುತ್ತೇನೆ ಅಂತ ಕಿತ್ತಳೆ ದಾರವನ್ನೂ ಒಯ್ದಳು. ತಿರುಗಿ ಬಂದವಳು ಎರಡು ದಿನ ಆ ಮಾತೇ ಎತ್ತಲಿಲ್ಲ. ಮೂರನೇ ದಿನ ಕಾಲೇಜಿನಿಂದ ಬಂದು ಬಿಳಿ ದಾರವೊಂದನ್ನು ಮುಂದೆ ಹಿಡಿದಳು. ಅಕ್ಕಿ ಚೀಲದ ಬಾಯಿ ಹೊಲಿಯುವ ದಪ್ಪ ದಾರ.

"ನಿನ್ನ ದಾರ ನಮ್ಮವ್ವ ಕಸದಾಗ ಗುಡಿಸಿ ಹಾಕಿಬಿಟ್ಟಾಳ ಲೇ. ನಿನ್ನ ಚೂಡಿದಾರದ ಟಾಪು ನನ್ನ ಬ್ಯಾಗಿನಾಗಾ ಇತ್ತು, ಅದರ ಮ್ಯಾಲ ತಗೊಂಡೀನಿ. ಬರೋಬ್ಬರಿ ಐತಿ."

ಬಸಿ ದಾರ ಹಿಡಿದು ನೋಡಿದಳು. ಹೆಗಲು ಸ್ವಲ್ಪ ಅಗಲ ಅನಿಸಿತು, ತೋಳು ಉದ್ದ ಅನಿಸಿತು. "ಇಷ್ಟು ಉದ್ದ ಅದೀನೇನು ನಾನು?"

"ಟಾಪು ಲೂಸ್ ಇರ್ತೈತಲ್ಲ. ಮತ್ತ ಕಾಯಿಸಿದ್ರ ಹಾಳಿ ಕುಗ್ಗಂಗಿಲ್ಲೇನು?"

ಇಲ್ಲೇ ಬಿದ್ದಳು ನೋಡಿ ಹುಡುಗಿ. ಜೀನ್ಸ್ ಹೊಲಿಯುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ವಾಷಿಂಗಿಗೆ ಹೋದ ಪ್ಯಾಂಟು ಕುಗ್ಗುತ್ತದೆ, ಮೊದಲೇ ಅಷ್ಟು ಹೆಚ್ಚು ಬಿಟ್ಟು ಕತ್ತರಿಸಬೇಕು. ಇವಳೂ ಹೌದಲ್ಲ ಅಂದುಕೊಂಡಳು. ಬಿಳಿ ದಾರದ ಮೇಲೆಯೇ ನೀಲಿ ಕವಚ ಎದ್ದು ನಿಂತಿತು. ಒಂದು ಸಂಜೆ ಎದೆಹಲಗೆ ಮುಗಿದಾಗ ಬಸಿಗೆ ತಡೆಯಲಾಗಲಿಲ್ಲ, ಎತ್ತಿ ಎದೆಗೆ ಹಿಡಿಯಹೋದಳು. ಅನುಷಾ ಓಡಿಬಂದು ಕೈ ಹಿಡಿದಳು.

"ಏಯ್! ನಿಮ್ಮಪ್ಪನ ಮಾತು ಮರತ್ಯಾ? ಆ ದಿನದ ತನಕ ಮೈಗೆ ತಾಗಿಸಬಾರದು!"

ಬಸಿಗೆ ಕಣ್ಣಲ್ಲಿ ನೀರೇ ಬಂತು. ನಮ್ಮಪ್ಪನ ಮಾತನ್ನು ನನಗಿಂತ ಇವಳು ಹೆಚ್ಚು ನೆನಪಿಟ್ಟಿದ್ದಾಳಲ್ಲ ಅಂತ. ಬಿಳಿ ದಾರವನ್ನು ಎದೆಹಲಗೆಯ ಒಳಗೆ ಹೊಲಿದು, ಕೊನೆಯ ಗಂಟಿಗೆ ಕೈ ಮುಗಿದಳು.

ಸ್ಪರ್ಧೆ ಭಾನುವಾರ ಮಧ್ಯಾಹ್ನ ಮೂರಕ್ಕೆ. ಬೆಳಗ್ಗೆ ಅನುಷಾ, "ಸಾಮಾನು ನಾ ಆಟೋದಾಗ ಒಯ್ತೀನಿ, ನೀನು ಅಪ್ಪನ್ನ ಕರಕೊಂಡು ಆರಾಮ ಬಾ, ಅವಸರ ಇಲ್ಲ" ಅಂತ ಎರಡೂ ಮೂಟೆ ತೆಗೆದುಕೊಂಡು ಹೋದಳು. ಬಸಿ ಬಸ್‌ಸ್ಟ್ಯಾಂಡಿನಲ್ಲಿ ಕುರುಗೋಡಿನ ಬಸ್ಸಿಗೆ ಕಾದಳು. ಎರ್ರೆಪ್ಪ ಇಳಿದ. ಹೊಸ ಟವೆಲ್ಲು, ಕೈಯಲ್ಲಿ ಒಂದು ತೆಂಗಿನಕಾಯಿ, ಬಗಲಲ್ಲಿ ಆ ಹಳೇ ದಬ್ಬಣದ ಡಬ್ಬಿ.

"ಅದನ್ಯಾಕ ತಂದಿ?"

"ನನ್ನ ಮಗಳ ವೇಷ ನಾ ಕಟ್ಟಬ್ಯಾಡೇನು?" ಅಂದ. ಬಸಿ ತಲೆ ತಗ್ಗಿಸಿ ನಕ್ಕಳು.

ಫಂಕ್ಷನ್ ಹಾಲಿಗೆ ಬಂದರೆ ಎರ್ರೆಪ್ಪ ಕುರ್ಚಿಗಳ ಕಡೆ ತಿರುಗಿಯೂ ನೋಡಲಿಲ್ಲ, ನೆಟ್ಟಗೆ ಹಿಂದಿನ ಬಾಗಿಲು ಹುಡುಕಿದ. ಜೀವಮಾನದಲ್ಲಿ ಅವನು ಆಟವನ್ನು ಮುಂದೆ ಕೂತು ನೋಡಿದವನೇ ಅಲ್ಲ. ಹಿಂದಿನ ಕೋಣೆಯ ತುಂಬ ರೆಕ್ಕೆ, ಕೊಂಬು, ಬಣ್ಣದ ಕೂದಲು. ಮೂಲೆಯ ಕನ್ನಡಿಯ ಮುಂದೆ ಕೆಂಪು ಕವಚದಲ್ಲಿ ಅನುಷಾ. ಅವಳ ಪಕ್ಕ, ಬೆನ್ನು ಹಾಕಿ ನಿಂತಿದ್ದ ನೀಲಿ ಕವಚ.

ತನ್ನದನ್ನು ಯಾರೋ ಗೋಡೆಗೆ ಒರಗಿಸಿ ನಿಲ್ಲಿಸಿದ್ದಾರೆ ಅಂದುಕೊಂಡಳು ಬಸಿ ಒಂದು ಗಳಿಗೆ. ಅಷ್ಟರಲ್ಲಿ ನೀಲಿ ಕವಚ ತಿರುಗಿತು. ಒಳಗೆ ಒಬ್ಬ ಹುಡುಗನಿದ್ದ. ಎತ್ತರದ, ಬೆಳ್ಳನೆ ಹುಡುಗ. ಬೆನ್ನಿನ ಗಂಟು ಬಿಟ್ಟರೆ ಎಲ್ಲ ತೊಟ್ಟಾಗಿತ್ತು. ಹೆಗಲಿಗೆ ಹೆಗಲು, ತೋಳಿಗೆ ತೋಳು, ಎರಕ ಹೊಯ್ದ ಹಾಗೆ ಕೂತಿತ್ತು.

"ಓ, ಟೈಲರ್ ಅಕ್ಕ ನೀವಾ?" ಅಂದ ಅವನು, ಖುಷಿಯಿಂದ. "ನಾನು ಸಮ್ರಾಟ್. ಅಕ್ಕಾ, ಮಸ್ತ್ ಮಾಡೀರಿ! ಒಂದು ಸಲನೂ ಟ್ರಯಲ್ ಇಲ್ದೆ ಇಷ್ಟು ಫಿಟ್ ಹೆಂಗ ಬಂತು?"

ಬಸಿ ಅವನನ್ನು ಬಿಟ್ಟು ಗೋಡೆಯ ಕಡೆ ನೋಡಿದಳು. ಟೈಲರ್ ಅಕ್ಕ. ಗೋಡೆಯ ಮೇಲೆ ಪಟ್ಟಿ ಅಂಟಿಸಿದ್ದರು. ಏಳನೇ ಜೋಡಿ: ಅನುಷಾ, ಸಮ್ರಾಟ್. ಹೆಸರು ಕೊಟ್ಟ ತಾರೀಖೂ ಇತ್ತು. ಬಿಳಿ ದಾರ ಬಂದ ವಾರದ್ದು. ಹಾಗಾದರೆ ಅಷ್ಟು ದಿನ ಇಸ್ತ್ರಿಪೆಟ್ಟಿಗೆ ಮುಂದೆ ಕೂತು, ಬೆವರು ಸುರಿಸಿ, ತನ್ನ ಕೈಯಾರೆ ತನ್ನನ್ನೇ ಹೊರಗೆ ಹಾಕಿಕೊಂಡಿದ್ದಳು.

"ಬಸಿ, ಸಿಟ್ಟಾಗಬ್ಯಾಡ" ಅಂದಳು ಅನುಷಾ, ಅವಳನ್ನು ಬದಿಗೆ ಎಳೆದು. "ಇವನು ನಮ್ಮ ಕಾಲೇಜಿನವನು, ಇಲ್ಲೇ ಕಂಟೋನ್ಮೆಂಟಿನವನು. ಇವನ ರೀಲ್ಸು ನಲವತ್ತು ಸಾವಿರ ಮಂದಿ ನೋಡ್ತಾರ. ಇವನಿದ್ರ ನಮ್ಮ ಕೆಲಸ ಎಲ್ಲಾರಿಗೂ ಕಾಣ್ತೈತಿ."

"ನಮ್ಮ ಕೆಲಸ?"

"ನಿನಗ ಹೇಳಬೇಕಂತಾನ ಇದ್ದೆ. ಹೇಳಿದ್ರ ನೀ ಕೆಲಸ ನಿಲ್ಲಿಸಿಬಿಟ್ರ ಅಂತ ಅಂಜಿಕಿ ಆತು."

ಇಷ್ಟು ಪ್ರಾಮಾಣಿಕವಾಗಿ ಯಾರಾದರೂ ಟೋಪಿ ಹಾಕಿದ್ದನ್ನು ಕೇಳಿದ್ದೀರಾ? ನಾನಂತೂ ಕೇಳಿಲ್ಲ.

"ಮತ್ತ ನಿನಗ ವೇದಿಕಿ ಅಂದ್ರ ಕಾಲು ನಡಗ್ತಾವ" ಅಂತ ಅನುಷಾ ಮುಂದುವರಿಸಿದಳು. "ನಿನಗ ಮಾಡೋದ್ರಾಗಾ ಖುಷಿ. ನಿಮ್ಮಪ್ಪನಂಗ. ಅವರೇನು ಎಂದಾದ್ರೂ ವೇಷ ಹಾಕ್ಯಾರೇನು? ಕಟ್ಟೋರು ಬ್ಯಾರೆ, ಹಾಕ್ಕೊಳ್ಳೋರು ಬ್ಯಾರೆ ಬಸಿ."

ಬಸಿ ಕೈ ಕೊಸರಿಕೊಂಡಳು. ಹೊಡೆದಿದ್ದರೆ ತಿರುಗಿ ಹೊಡೆಯಬಹುದಿತ್ತು.

ಇತ್ತ ಎರ್ರೆಪ್ಪನಿಗೆ ಏನೂ ತಿಳಿದಿರಲಿಲ್ಲ. ಹುಡುಗನ ಬೆನ್ನು ಬಿಚ್ಚಿಕೊಂಡದ್ದು ಕಂಡು, ಹಳೇ ಕೈ, ಸುಮ್ಮನಿರದೆ ಹೋಗಿ ಗಂಟು ಹಿಡಿದಿದ್ದ. ಎದೆಹಲಗೆಯ ಒಳಗೆ ಬೆರಳು ಹಾಕಿದವನು ನಿಂತುಬಿಟ್ಟ. ಒಳಗೆ ಹೊಲಿದ ಬಿಳಿ ದಾರವನ್ನು ಉಗುರಲ್ಲಿ ಎಬ್ಬಿಸಿ, ಗಂಟುಗಳನ್ನು ಬೆರಳಲ್ಲಿ ಎಣಿಸಿದ. ಮಗಳ ಕಡೆ ನೋಡಿದ. ಮತ್ತೆ ದಾರ ನೋಡಿದ.

"ದೊಡ್ಡಬಸಮ್ಮ, ನಿಂದು ಯಾವುದವ್ವ?"

"ಅದಾ ನಂದು" ಅಂದಳು ಬಸಿ.

"ಇದು ನಿನ್ನ ಅಳತಿ ಅಲ್ಲಲ್ಲ."

ಅಷ್ಟು ಸಾಕಾಯಿತು ಅವನಿಗೆ. ನಲವತ್ತು ವರ್ಷ ಮೈ ಅಳೆದವನು. ಅನುಷಾಳ ಮುಖ ನೋಡಿದ, ಹುಡುಗನ ಮುಖ ನೋಡಿದ, ಬಗಲಿನ ಡಬ್ಬಿಯನ್ನು ಮೆಲ್ಲಗೆ ಕನ್ನಡಿಯ ಕೆಳಗೆ ಇಟ್ಟ. ಸಮ್ರಾಟ್ ಇಬ್ಬರನ್ನೂ ನೋಡಿ ಗಾಬರಿಯಾದ. "ಅನುಷಾ, ಇವರು ಟೈಲರ್ ಅಂತ ಹೇಳಿದ್ದಿ ನೀನು. ಅಕ್ಕಾ, ನನಗ ಖರೇನಾ ಗೊತ್ತಿಲ್ಲ. ಬಿಚ್ಚಿ ಕೊಡ್ತೀನಿ, ನೀವಾ ಹಾಕ್ಕೋರಿ" ಅಂದ. ಕವಚ ಬಿಚ್ಚಿಯೇ ಬಿಟ್ಟ. ಪಾಪ, ಆ ಕೋಣೆಯಲ್ಲಿ ಮರ್ಯಾದೆ ಉಳಿಸಿಕೊಂಡವನು ಅವನೊಬ್ಬನೇ.

ಬಸಿ ಎದೆಹಲಗೆಯನ್ನು ಕೊರಳಿಗೆ ಹಾಕಿಕೊಂಡಳು. ತೋಳು ತೂರಿಸಿದಳು. ಎರ್ರೆಪ್ಪ ಹಿಂದೆ ನಿಂತು ಗಂಟು ಬಿಗಿದ, ಎಷ್ಟು ಬಿಗಿದರೂ ಮುಂದೆ ಮುಷ್ಟಿ ಹಿಡಿಯುವಷ್ಟು ಸಂದು ಉಳಿಯಿತು. ಹೆಗಲ ಹಲಗೆ ಜಾರಿ ತೋಳಿಗೆ ಬಂತು. ಕೈಗವಚದೊಳಗೆ ಬೆರಳು ಮುಳುಗಿಹೋದವು. ಕನ್ನಡಿಯಲ್ಲಿ ನಿಂತಿದ್ದವಳು ಅದೇ ಒಂಬತ್ತು ವರ್ಷದ ಹುಡುಗಿ, ಯಾರದೋ ರಾಜನ ಕವಚದಲ್ಲಿ. ಆಗಲಾದರೂ ಅದು ಕದ್ದು ಹಾಕಿಕೊಂಡದ್ದು. ಇದು ತಾನೇ ಮಾಡಿದ್ದು.

"ಒಂದು ಸಲನಾದ್ರೂ ಮೈಗೆ ಹಿಡದು ನೋಡಬಾರದಿತ್ತೇನವ್ವ?" ಅಂದ ಎರ್ರೆಪ್ಪ.

"ನೀನಾ ಹೇಳಿದ್ದಿ ನೋಡಬಾರದಂತ. ಕಳೆ ಹೋಗ್ತೈತಿ, ದೇವರು ಒಪ್ಪಂಗಿಲ್ಲ ಅಂತ."

ಎರ್ರೆಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. "ದೇವರದಲ್ಲವ್ವ ಅದು" ಅಂದ. "ನಾನಾ ಹುಟ್ಟಿಸಿದ್ದು. ಆಟಗಾರರು ಮೊದಲಾ ಮೈಮ್ಯಾಲ ಹಾಕ್ಕೊಂಡು ಕುಣದು ಮ್ಯಾಲಿನ ಬೇಗಡಿ ಹಾಳಿ ಹರೀತಿದ್ರು. ದೇವರ ಹೆಸರು ಹೇಳಿದ್ರ ಮುಟ್ಟಂಗಿಲ್ಲ ಅಂತ ಹಂಗ ಹೇಳಿದ್ದೆ. ತಮ್ಮ ಅಳತಿ ತಾವು ತಗೀಬಾರದು ಅಂದಿದ್ದೂ ಅಷ್ಟಾ. ತಪ್ಪು ಅಳೀತಾರ ಅಂತ."

ಬಸಿ ಕನ್ನಡಿಯಲ್ಲೇ ಅಪ್ಪನನ್ನು ನೋಡಿದಳು. ಕೊನೆಯ ಗಂಟಿಗೆ ತಾನು ಕೈ ಮುಗಿದಿದ್ದಳಲ್ಲ, ಅದು ನೆನಪಾಗಿ ನಾಚಿಕೆಯಾಯಿತು. ಅನುಷಾ ಸುಳ್ಳು ಹೇಳಿ ಮೋಸ ಮಾಡಿದಳು. ಅದಕ್ಕೆ ಅಪ್ಪ ಯಾವತ್ತೋ ಹೇಳಿದ ಸುಳ್ಳು ಅವಳ ಕೈಗೆ ಸಿಕ್ಕಿತ್ತು.

ಹೊರಗೆ ಮೈಕಿನಲ್ಲಿ ಆರನೇ ಜೋಡಿಯನ್ನು ಕರೆದರು. ಅನುಷಾ ಚಡಪಡಿಸಿದಳು. "ಬಸಿ, ನೀನಾ ಬಾ ಹಂಗಾದ್ರ. ಪಿನ್ನು ಹಾಕೋಣ. ಜಲ್ದಿ ಹೇಳು, ನೀನಾ, ಇವನಾ?"

ಆ ಒಂದು ಗಳಿಗೆ ಬಸಿ ವೇದಿಕೆಯ ಕಡೆಗಿನ ಪರದೆ ನೋಡಿದಳು. ಬೇಕಿತ್ತು ಅವಳಿಗೆ, ಸುಳ್ಳು ಯಾಕೆ ಹೇಳಲಿ, ಆಗಲೂ ಬೇಕಿತ್ತು. ಆದರೆ ಇನ್ನೊಬ್ಬರ ಮೈಯ ಕವಚದಲ್ಲಿ ಪಿನ್ನು ಚುಚ್ಚಿಕೊಂಡು ಅಲ್ಲ. "ಬಿಚ್ಚಪ್ಪ" ಅಂದಳು. ಎರ್ರೆಪ್ಪ ಬಿಚ್ಚಿದ. ಎದೆಹಲಗೆಯನ್ನು ತಾನೇ ಎತ್ತಿ ಸಮ್ರಾಟನ ಮುಂದೆ ಹಿಡಿದಳು.

"ತಗೋ ತಮ್ಮಾ. ವೇಷ ಯಾರ ಅಳತಿಗೆ ಕಟ್ಟೈತೋ ಅವರದಾ. ಇದು ನಿಂದು."

ಅವನು ಬೇಡ ಬೇಡ ಅಂದ. ಅವಳು ಬಿಡಲಿಲ್ಲ. ಹೆಗಲು ಸರಿಮಾಡಿದಳು, ತೋಳಿನ ಬಕಲು ಹಾಕಿದಳು, ಹಿಂದೆ ನಿಂತು ನಾಲ್ಕೂ ಗಂಟು ಕಟ್ಟಿದಳು, ಮೇಲಿನಿಂದ ಕೆಳಗೆ, ಅಪ್ಪ ಕಲಿಸಿದ ಹಾಗೆ, ಒಂದೂ ಸಡಿಲ ಇಲ್ಲದ ಹಾಗೆ. ಒಂದು ರಿವಿಟ್ಟಿನ ಮೇಲೆ ಬೆರಳ ಗುರುತಿತ್ತು, ವೇಲಿನ ತುದಿಯಿಂದ ಒರೆಸಿದಳು.

ಮೈಕು ಕರೆಯಿತು: "ಏಳನೇ ಜೋಡಿ!"

ಅನುಷಾ ನಿಟ್ಟುಸಿರು ಬಿಟ್ಟಳು. ಎಲ್ಲ ಸರಿಹೋಯಿತು ಅಂದುಕೊಂಡಳೋ ಏನೋ. "ನೀನು ಭಾಳ ದೊಡ್ಡಾಕಿ ಬಸಿ, ನನಗ ಗೊತ್ತಿತ್ತು" ಅಂದು, ಎರಡೂ ಕೈಯಲ್ಲಿ ಕೂದಲು ಎತ್ತಿ ಹಿಡಿದು, ಬೆನ್ನು ತಿರುಗಿಸಿ ನಿಂತಳು. ಕೆಂಪು ಕವಚದ ಹಿಂಭಾಗ ಬಾಯಿ ತೆರೆದುಕೊಂಡಿತ್ತು. ನಾಲ್ಕು ಜೊತೆ ಲಾಡಿ ಇಳಿಬಿದ್ದಿದ್ದವು. ಅದರ ಗಂಟಿನ ವರಸೆ ಬಸಿ ಮಾಡಿದ್ದು, ಅವಳಿಗೂ ಅಪ್ಪನಿಗೂ ಬಿಟ್ಟರೆ ಅಲ್ಲಿ ಯಾರಿಗೂ ಬಾರದು. ಎಷ್ಟು ಕೈ ತಿರುಗಿಸಿದರೂ ತೊಟ್ಟವರಿಗೆ ಎಟುಕುವಂಥದ್ದಲ್ಲ.

ಬಸಿ ಆ ಲಾಡಿಗಳನ್ನು ನೋಡಿದಳು. ಕನ್ನಡಿಯ ಕೆಳಗಿನ ದಬ್ಬಣದ ಡಬ್ಬಿ, ತೆಂಗಿನಕಾಯಿ ಎತ್ತಿಕೊಂಡಳು.

"ಬಾ ಯಪ್ಪಾ, ಬಸ್ಸಿಗೆ ಹೊತ್ತಾತು."

ಅವರಿಬ್ಬರು ಬಾಗಿಲಿಗೆ ಹೋಗುವವರೆಗೂ ಅನುಷಾ ಹಾಗೆಯೇ ಕೂದಲು ಎತ್ತಿ ಹಿಡಿದು ನಿಂತಿದ್ದಳು. "ಜಲ್ದಿ ಕಟ್ಟು ಲೇ, ಕರ್ಯಾಕತ್ತಾರ" ಅನ್ನುತ್ತಿದ್ದಳು. ಆಮೇಲೆ, "ಬಸಿ? ಬಸೀ?"

ಬಸಿ ಹಿಂತಿರುಗಿ ನೋಡಲಿಲ್ಲ. ಆಟೋದಲ್ಲಿ ಅಳಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಅಪ್ಪ ಕಬ್ಬಿನ ಹಾಲು ಕೊಡಿಸಿದಾಗ ಅತ್ತಳು, ಲೋಟ ಕೈಯಲ್ಲೇ ಹಿಡಿದುಕೊಂಡು, ಮಂದಿ ನೋಡುತ್ತಿದ್ದಾರೆ ಅನ್ನುವುದನ್ನೂ ಮರೆತು. ಕುರುಗೋಡಿನ ಬಸ್ಸು ಊರು ದಾಟಿದ ಮೇಲೆ ಎರ್ರೆಪ್ಪ ಡಬ್ಬಿ ತೆರೆದು ಒಳಗಿಂದ ಒಂದು ದಾರದುಂಡೆ ತೆಗೆದ.

"ಮನಿಗೆ ಹೋದ ಕೂಡ್ಲೆ ನಿನ್ನ ಅಳತಿ ತಗೀತೀನವ್ವ" ಅಂದ. "ನಿನಗಂತಾನ ಒಂದು ಕಟ್ತೀನಿ. ನನ್ನಾಣಿ."

ಬಸಿ ಅವನ ಕೈಯಿಂದ ದಾರದುಂಡೆ ತೆಗೆದುಕೊಂಡು ತನ್ನ ಬ್ಯಾಗಿನೊಳಗೆ ಹಾಕಿ ಜಿಪ್ಪು ಎಳೆದಳು.

"ಬ್ಯಾಡ ಯಪ್ಪಾ" ಅಂದಳು. "ನನ್ನ ಅಳತಿ ನಾನಾ ತಗೊಂತೀನಿ."